ಕಾರ್ ಲೋನ್‌ಗೆ ಮುಂಚೆ ಸಿಬಿಲ್ ರಿಪೋರ್ಟ್ ತೆಗೆದೆ: ಸ್ಕೋರ್ 718, ಒಳಗೆ ಇರುವುದು ಅರ್ಥ ಆಗ್ತಿಲ್ಲ

ಹಾಸನದ ಹೈದ:

ಎಲ್ಲರಿಗೂ ನಮಸ್ಕಾರ. ಮೊದಲ ಕಾರು ತಗೊಳ್ಳುವ ಯೋಚನೆ ಇದೆ. ಸಣ್ಣ ಪೆಟ್ರೋಲ್ ಕಾರು, ಆನ್‌ರೋಡ್ ಎಂಟು ಲಕ್ಷದ ಹತ್ತಿರ ಬರುತ್ತದೆ. ಕೈಯಲ್ಲಿ ಎರಡು ಲಕ್ಷ ಇದೆ, ಮಿಕ್ಕ ಆರಕ್ಕೆ ಲೋನ್. ಖಾಸಗಿ ಕಂಪನಿ ಕೆಲಸ, ಕೈಗೆ ಬರುವುದು 42 ಸಾವಿರ. ಈಗ ಯಾವ ಇಎಂಐ ಕೂಡ ಇಲ್ಲ.

ಹೋದ ವಾರ ಶೋರೂಂಗೆ ಹೋಗಿದ್ದೆ. ಯಾವ ಬಣ್ಣ ಅಂತ ಕೂಡ ಇನ್ನೂ ಹೇಳಿರಲಿಲ್ಲ, ಅಷ್ಟರಲ್ಲಿ ಫೈನಾನ್ಸ್ ಟೇಬಲ್‌ನವರು "ಸುಮ್ನೆ ಎಲಿಜಿಬಿಲಿಟಿ ನೋಡೋಣ ಸರ್" ಎಂದು ಪ್ಯಾನ್, ಆಧಾರ್ ತಗೊಂಡು ಒಟಿಪಿ ಕೇಳಿದರು. ಸಂಜೆ ಫೋನ್ ಮಾಡಿ "ನಿಮ್ಮ ಪ್ರೊಫೈಲ್‌ಗೆ 11 ಪರ್ಸೆಂಟ್ ಆಗುತ್ತೆ" ಅಂದರು. ನನ್ನ ಪಕ್ಕದ ಸೀಟಿನವನಿಗೆ, ಅದೇ ಕಂಪನಿ ಹೆಚ್ಚುಕಮ್ಮಿ ಅದೇ ಸಂಬಳ, 9 ಪರ್ಸೆಂಟ್‌ಗೆ ಸಿಕ್ಕಿದೆ. ಯಾಕೆ ಸರ್ ಎಂದರೆ "ಸಿಬಿಲ್, ಸಿಬಿಲ್" ಅಷ್ಟೇ ಉತ್ತರ.

ಅದಕ್ಕೇ ಸಿಬಿಲ್ ಸೈಟಿನಿಂದ ನನ್ನ ಸಾಲಗಳ ಇತಿಹಾಸ ಇರುವ ಪೂರ್ತಿ ರಿಪೋರ್ಟ್ ಇಳಿಸಿಕೊಂಡೆ. ಪುಟಗಟ್ಟಲೆ ಇದೆ. ತಲೆಕೆಟ್ಟಿರುವ ಜಾಗಗಳು ಇವು.

ಬೈಕ್ ಲೋನ್ 2023ರಲ್ಲೇ ಮುಗಿದಿದೆ, ಎನ್‌ಒಸಿ (ಸಾಲ ತೀರಿದೆ ಅನ್ನುವ ಪತ್ರ) ಬೀರುವಿನಲ್ಲಿದೆ. ಇಲ್ಲಿ ನೋಡಿದರೆ ಇನ್ನೂ ಆಕ್ಟಿವ್, ಬ್ಯಾಲೆನ್ಸ್ 3,240 ರೂಪಾಯಿ. ಅದು ಸರಿಯಾಗಿ ಒಂದು ತಿಂಗಳ ಕಂತಿನ ದುಡ್ಡು.

ಮೊಬೈಲ್ ತಗೊಂಡ ಇಎಂಐ ಕ್ಲೋಸ್ಡ್ ಅಂತಲೇ ಇದೆ. ಆದರೆ ತಿಂಗಳುಗಳ ಕೆಳಗೆ 000, 000, 026, 000 ಹೀಗೆ ಸಾಲಾಗಿ ಅಂಕಿ. ಕೆಲವು ಕಡೆ ಎಕ್ಸ್‌ಎಕ್ಸ್‌ಎಕ್ಸ್.

ಆಮೇಲೆ ಒಂದು ಟ್ರಾಕ್ಟರ್ ಲೋನ್! ನಾನು ಟ್ರಾಕ್ಟರ್ ಸ್ಟೇರಿಂಗ್ ಕೂಡ ಹಿಡಿದವನಲ್ಲ. ಅಮ್ಮನನ್ನು ಕೇಳಿದಾಗ ತಿಳಿಯಿತು, ಮಾವ (ಅಮ್ಮನ ತಮ್ಮ) ತಗೊಂಡಾಗ ಬ್ಯಾಂಕಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದ್ದರು. ಓವರ್‌ಡ್ಯೂ (ಗಡುವು ದಾಟಿದ ಬಾಕಿ) 41,500 ಅಂತ ತೋರಿಸುತ್ತಿದೆ.

ಕೊನೆಯಲ್ಲಿ ಎನ್‌ಕ್ವೈರಿ ಅಂತ ಒಂದು ಪಟ್ಟಿ. ಶೋರೂಂಗೆ ಹೋದ ದಿನವೇ ನಾಲ್ಕು ಬ್ಯಾಂಕ್‌ಗಳ ಹೆಸರು.

ಇಷ್ಟೆಲ್ಲ ಆದ ಮೇಲೆ ನನ್ನ ಫೋನಿನ ಪೇಮೆಂಟ್ ಆ್ಯಪ್ ಮಾತ್ರ ಸ್ಕೋರ್ 761 ಅನ್ನುತ್ತಿದೆ. ಯಾವುದನ್ನು ನಂಬಬೇಕು? ಬುಕ್ ಮಾಡಲೋ, ತಡೆಯಲೋ?

ಬ್ಯಾಂಕ್ ಬಿಟ್ಟವನು:

ಸರ್ಕಾರಿ ಬ್ಯಾಂಕಿನಲ್ಲಿ ಲೋನ್ ಸೆಕ್ಷನ್ ನೋಡಿಕೊಂಡು ರಿಟೈರ್ ಆದವನು ನಾನು, ಆ ಅನುಭವದ ಮೇಲೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ತಡೆಯಿರಿ. ಎರಡು ತಿಂಗಳು ತಡೆದರೆ ಕಾರು ಎಲ್ಲೂ ಓಡಿಹೋಗುವುದಿಲ್ಲ. ಆರು ಲಕ್ಷಕ್ಕೆ ಐದು ವರ್ಷ ಅಂತ ಇಟ್ಟುಕೊಳ್ಳಿ, 9 ಪರ್ಸೆಂಟ್‌ಗೆ ಕಂತು 12,455 ರೂಪಾಯಿ, 11ಕ್ಕೆ 13,045. ತಿಂಗಳಿಗೆ 590 ಅಂದರೆ ಏನೂ ಅನ್ನಿಸಲ್ಲ, 60 ತಿಂಗಳಿಗೆ 35 ಸಾವಿರ ದಾಟುತ್ತದೆ. ಒಂದೆರಡು ವರ್ಷದ ಇನ್ಶೂರೆನ್ಸ್ ದುಡ್ಡು ಅದು.

ಮೊದಲು 718, 761 ಗಲಾಟೆ. ನಮ್ಮಲ್ಲಿ ಜನ ಎಲ್ಲಕ್ಕೂ ಸಿಬಿಲ್ ಅನ್ನುತ್ತಾರೆ, ಆದರೆ ಜನರ ಸಾಲದ ಇತಿಹಾಸ ಇಟ್ಟುಕೊಳ್ಳಲು ಆರ್‌ಬಿಐ ಲೈಸೆನ್ಸ್ ಇರುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ವರೂ 300ರಿಂದ 900ರ ಒಳಗೆ ಸ್ಕೋರ್ ಕೊಡುತ್ತಾರೆ, ಲೆಕ್ಕ ಹಾಕುವ ರೀತಿ ಬೇರೆ ಬೇರೆ. ಆ್ಯಪ್‌ಗಳಲ್ಲಿ ಬರುವುದು ಎಷ್ಟೋ ಸಲ ಸಿಬಿಲ್‌ನದ್ದೇ ಅಲ್ಲ, ಕೆಳಗೆ ಚಿಕ್ಕ ಅಕ್ಷರದಲ್ಲಿ ಯಾವ ಕಂಪನಿ ಅಂತ ಬರೆದಿರುತ್ತದೆ ನೋಡಿ. ಎರಡೂ ನಿಜವೇ. ನೀವು ಹೋಗುವ ಬ್ಯಾಂಕು ಯಾರದ್ದನ್ನು ತೆಗೆಸುತ್ತದೋ ಅದು ಆ ದಿನಕ್ಕೆ ಮುಖ್ಯ. ನಾಲ್ವರೂ ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಲೇಬೇಕು ಅಂತ 2017ರಿಂದ ನಿಯಮ ಇದೆ. ಸೈಟಿನಲ್ಲಿ ಸಬ್‌ಸ್ಕ್ರಿಪ್ಷನ್ ತಗೊಳ್ಳಿ ಅಂತ ದೊಡ್ಡ ಬಟನ್ ಇರುತ್ತದೆ, ಫ್ರೀ ಲಿಂಕ್ ಮೂಲೆಯಲ್ಲಿ ಇರುತ್ತದೆ. ಹುಡುಕಿ. ನಾಲ್ಕನ್ನೂ ತೆಗೆಸಿ, ತಪ್ಪುಗಳು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದೆ ಇರಬಹುದು. ನಿಮ್ಮ ರಿಪೋರ್ಟನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಆ ಭಯ ಬಿಡಿ.

ಈಗ ಸ್ಕೋರ್ ಪಕ್ಕಕ್ಕಿಟ್ಟು ಸಾಲುಗಳನ್ನು ಓದಿ. ನಾನು ಕೆಲಸದಲ್ಲಿ ಇದ್ದಾಗಲೂ 780 ಇದ್ದವನ ಫೈಲು ವಾಪಸ್ ಹೋಗಿದ್ದುಂಟು, 700ರ ಆಸುಪಾಸಿನವನಿಗೆ ಕೊಟ್ಟಿದ್ದೂ ಉಂಟು. ಸಾಲು ನೋಡಿಯೇ ಕೊಡುತ್ತಿದ್ದದ್ದು.

ಬೈಕ್ ಲೋನ್ ಸಾಲಿನಲ್ಲಿ "ಡೇಟ್ ರಿಪೋರ್ಟೆಡ್" ಅಂತ ಒಂದು ತಾರೀಖು ಇರುತ್ತದೆ. ಅದು 2023ರದ್ದೇ ಆಗಿರಬೇಕು, ನೋಡಿ ಹೇಳಿ. ಹಾಗಿದ್ದರೆ ವಿಷಯ ಇಷ್ಟೇ: ಕೊನೆಯ ಕಂತು ನೀವು ಕಟ್ಟುವ ಮುಂಚೆ ಅವರು ಕಳಿಸಿದ ಮಾಹಿತಿಯೇ ಕೊನೆ, ಲೋನ್ ಮುಗಿದ ಮೇಲೆ ಕ್ಲೋಸ್ ಅಂತ ಕಳಿಸುವುದನ್ನು ಮರೆತರು. ಸಿಬಿಲ್‌ನವರು ತಾವಾಗಿ ಒಂದು ಅಕ್ಷರ ತಿದ್ದುವುದಿಲ್ಲ. ಸಾಲ ಕೊಟ್ಟವನು ಹೇಳಿದರೆ ಮಾತ್ರ ತಿದ್ದುತ್ತಾರೆ. ಹಾಗಾಗಿ ಎನ್‌ಒಸಿ ಸ್ಕ್ಯಾನ್ ಹಾಕಿ ಆ ಫೈನಾನ್ಸ್ ಕಂಪನಿಗೆ ಒಂದು ಇಮೇಲ್, ಅದೇ ದಿನ ಸಿಬಿಲ್ ಸೈಟಿನಲ್ಲಿ ಡಿಸ್ಪ್ಯೂಟ್, ಅಂದರೆ ಮಾಹಿತಿ ತಪ್ಪಿದೆ ಅಂತ ದೂರು. ರಿಪೋರ್ಟಿನ ಮೇಲ್ಭಾಗದಲ್ಲಿ ಕಂಟ್ರೋಲ್ ನಂಬರ್ ಇರುತ್ತದೆ, ಎರಡಕ್ಕೂ ಅದನ್ನು ಹಾಕಿ.

ಒಂದು ಎಚ್ಚರಿಕೆ. ಫೋನ್ ಮಾಡಿದರೆ ಕಲೆಕ್ಷನ್ ಹುಡುಗರು "ಸರ್ 1,500 ಕಟ್ಟಿಬಿಡಿ, ಸೆಟ್ಲ್ ಮಾಡಿಕೊಡ್ತೀವಿ" ಅನ್ನಬಹುದು. ಬೇಡವೇ ಬೇಡ! "ಸೆಟ್ಲ್ಡ್" ಎಂದರೆ ಪೂರ್ತಿ ಕಟ್ಟಲಾಗದೆ ಕಡಿಮೆಗೆ ಮುಗಿಸಿಕೊಂಡ ಅಂತ ಅರ್ಥ. ಅದು ರಿಪೋರ್ಟಿಗೆ ಬಿತ್ತು ಅಂದರೆ ವರ್ಷಗಟ್ಟಲೆ ಬಿಡುವುದಿಲ್ಲ. ನಿಮಗೆ ಬೇಕಾಗಿರುವುದು "ಕ್ಲೋಸ್ಡ್", ಬ್ಯಾಲೆನ್ಸ್ ಸೊನ್ನೆ. "ರಿಟನ್ ಆಫ್" ಅಂತೂ ಇನ್ನೂ ಕೆಟ್ಟದ್ದು. ಸಾಲ ಮನ್ನಾ ಆಯ್ತು ಅಂತ ಖುಷಿಪಡುವವರನ್ನು ನೋಡಿದ್ದೇನೆ, ಅದು ಮನ್ನಾ ಅಲ್ಲ, ಬ್ಯಾಂಕು ತನ್ನ ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕ ಅಷ್ಟೇ.

ಆ ಮೂರಂಕಿಗಳು ಕಂತು ಎಷ್ಟು ದಿನ ತಡ ಆಗಿತ್ತು ಅನ್ನುವ ಲೆಕ್ಕ. 000 ಅಂದರೆ ಬಾಕಿ ಇಲ್ಲ. 026 ಅಂದರೆ ಆ ತಿಂಗಳು 26 ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಅಂದರೆ ಆ ತಿಂಗಳ ಮಾಹಿತಿ ಕಳಿಸಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೀಗೆ 36 ತಿಂಗಳು ಹಿಂದಕ್ಕೆ ಕಾಣುತ್ತದೆ. ಒಂದೇ ಒಂದು 026, ಅದೂ ಹಳೆಯದು ಅಂದರೆ ಮ್ಯಾನೇಜರ್ ಒಂದು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಟ್ಟರೆ ಮುಗಿಯಿತು. 30, 60 ಅಂತ ಏರುತ್ತಾ ಹೋಗಿದ್ದರೆ ಬೇರೆ ಮಾತು. 90 ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ.

ಟ್ರಾಕ್ಟರ್ ವಿಷಯ ನಾಳೆ ಬರೆಯುತ್ತೇನೆ. ಅದು ನಿಜವಾದ ತಲೆನೋವು. ಆ ಸಾಲಿನಲ್ಲಿ "ಓನರ್‌ಶಿಪ್" ಅಂತ ಇರುವ ಜಾಗದಲ್ಲಿ ಏನು ಬರೆದಿದೆ, ಜಾಯಿಂಟ್ ಅಂತಲೋ ಗ್ಯಾರಂಟರ್ (ಜಾಮೀನುದಾರ) ಅಂತಲೋ? ತಿಂಗಳುಗಳ ಕೆಳಗೆ ಏನಿದೆ, ಅದನ್ನೂ ಹೇಳಿ.

ಟೇಬಲ್ ನಂಬರ್ 4:

ನಾನು ಕಾರ್ ಶೋರೂಂನ ಫೈನಾನ್ಸ್ ಟೇಬಲ್‌ನಲ್ಲೇ ಕೂತು ಕೆಲಸ ಮಾಡಿದ್ದೀನಿ, ಈಗ ಬೇರೆ ಕಡೆ ಇದ್ದೀನಿ, ಆದ್ದರಿಂದ ಧೈರ್ಯವಾಗಿ ಹೇಳಬಹುದು.

ನೀವು ಕೊಟ್ಟ ಒಟಿಪಿ ಇದೆಯಲ್ಲ, ಅದೇ ನಿಮ್ಮ ಒಪ್ಪಿಗೆ. ನಾವು ಮಾಡುತ್ತಿದ್ದದ್ದು ಏನು ಅಂದರೆ ಕಸ್ಟಮರ್ ಕಾಫಿ ಕುಡಿಯುವ ಹೊತ್ತಿಗೆ ಮೂರೋ ನಾಲ್ಕೋ ಕಡೆ ಲಾಗಿನ್ ಮಾಡಿಬಿಡುವುದು, ಅಂದರೆ ಅವರ ಹೆಸರಲ್ಲಿ ಅರ್ಜಿ ಹಾಕುವುದು. ಯಾರು ಬೇಗ ಅಪ್ರೂವಲ್ ಕೊಡುತ್ತಾರೆ, ಯಾರು ಶೋರೂಂಗೆ ಪೇ‌ಔಟ್ ಜಾಸ್ತಿ ಕೊಡುತ್ತಾರೆ, ಅವರ ಆಫರ್ ಮೊದಲು ಹೇಳುವುದು. ನಿಮಗೆ 11 ಅಂದಿದ್ದು ನಾಲ್ವರಲ್ಲಿ ಕಡಿಮೆ ರೇಟು ಅಂತ ನೀವು ಅಂದುಕೊಂಡಿದ್ದರೆ, ಗ್ಯಾರಂಟಿ ಏನೂ ಇಲ್ಲ.

ಸ್ಕೋರ್ ಮೇಲೆ ಪರಿಣಾಮ ಅಂದರೆ, ಪ್ರತಿ ಎನ್‌ಕ್ವೈರಿಗೂ (ಸಾಲದ ಅರ್ಜಿಗಾಗಿ ಬ್ಯಾಂಕು ನಿಮ್ಮ ರಿಪೋರ್ಟ್ ತೆಗೆಸುವುದು) ಸ್ವಲ್ಪ ಸ್ವಲ್ಪ ಇಳಿಯಬಹುದು, ತಿಂಗಳುಗಳು ಕಳೆದರೆ ಸರಿಹೋಗುತ್ತದೆ. ಸ್ಕೋರ್‌ಗಿಂತ ಜಾಸ್ತಿ ತೊಂದರೆ ಐದನೇ ಬ್ಯಾಂಕಿನವನು ನೋಡಿದಾಗ ಬರುತ್ತದೆ. ಒಂದೇ ದಿನ ನಾಲ್ಕು ಕಡೆ ಅರ್ಜಿ ಹಾಕಿದ್ದಾನೆ, ಯಾರೂ ಕೊಟ್ಟ ಹಾಗಿಲ್ಲ, ಏನೋ ಇದೆ ಅಂತ ಅವನು ಯೋಚನೆ ಮಾಡುತ್ತಾನೆ. ಯೂಟ್ಯೂಬ್‌ನಲ್ಲಿ "ಕಾರ್ ಲೋನ್‌ಗೆ ಎಷ್ಟು ಎನ್‌ಕ್ವೈರಿ ಆದರೂ ಒಂದೇ ಅಂತ ಲೆಕ್ಕ" ಅನ್ನುವ ವಿಡಿಯೋಗಳಿವೆ. ಅದು ಅಮೆರಿಕದ ಫೈಕೋ ಸ್ಕೋರ್ ಕಥೆ, ಅಲ್ಲಿ 14ರಿಂದ 45 ದಿನದೊಳಗಿನವನ್ನು ಒಟ್ಟಿಗೆ ಹಿಡಿಯುತ್ತಾರೆ. ಅದನ್ನು ನಂಬಿಕೊಂಡು ಇಲ್ಲಿ ಪ್ಯಾನ್ ಹಂಚಬೇಡಿ.

ಈಗ ನೀವು ಮಾಡಬೇಕಾದ್ದು: ಶೋರೂಂನವರಿಗೆ ವಾಟ್ಸಾಪ್‌ನಲ್ಲಿ ಬರೆದು ಹಾಕಿ, ನನ್ನ ಫೈಲನ್ನು ಇನ್ನು ಯಾವ ಬ್ಯಾಂಕಿಗೂ ಕಳಿಸಬೇಡಿ ಅಂತ. ಬಾಯಲ್ಲಿ ಹೇಳಿದರೆ "ಹ್ಞೂಂ ಸರ್" ಅಂತಾರೆ ಅಷ್ಟೇ. ಯಾರಾದರೂ ನಿಮ್ಮ ರಿಪೋರ್ಟ್ ತೆಗೆಸಿದರೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು, 2024ರಿಂದ ಆ ನಿಯಮ ಇದೆ. ಬರುತ್ತಿಲ್ಲ ಅಂದರೆ ರಿಪೋರ್ಟಿನಲ್ಲಿ ನಿಮ್ಮ ಹಳೇ ಮೊಬೈಲ್ ನಂಬರ್ ಇದೆಯಾ ನೋಡಿ.

ಮಲ್ಲಿಗೆ ಮೊಗ್ಗು:

ಎಲ್ಲರೂ ಲೋನ್ ಸಾಲುಗಳ ಬಗ್ಗೆ ಹೇಳುತ್ತಿದ್ದೀರಿ, ಮೊದಲನೇ ಪುಟದ ಬಗ್ಗೆ ಯಾರೂ ಹೇಳಲಿಲ್ಲ. ಹೆಸರು, ಹುಟ್ಟಿದ ತಾರೀಖು, ವಿಳಾಸ, ಫೋನ್ ನಂಬರ್. ಅದನ್ನು ಮೊದಲು ಓದಿ ತಮ್ಮಾ.

ನನ್ನ ರಿಪೋರ್ಟಿನಲ್ಲಿ ನಾನು ಕಾಲಿಡದ ಊರಿನ ವಿಳಾಸ ಇತ್ತು. ಅದರ ಜೊತೆಗೆ ಒಂದು ಚಿನ್ನದ ಸಾಲ. ಆ ಹೆಂಗಸಿಗೂ ನನಗೂ ಹೆಸರು ಒಂದೇ, ಇನಿಷಿಯಲ್ ಒಂದೇ, ಹುಟ್ಟಿದ ತಾರೀಖು ಕೂಡ ಜೂನ್ 1. ನಿಮಗೆ ಗೊತ್ತಲ್ಲ, ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅರ್ಧ ಕ್ಲಾಸಿಗೆ ಜೂನ್ 1 ಅಂತಲೇ ಬರೆದುಬಿಡುತ್ತಿದ್ದರು! ಹಳೇ ಸಾಲಗಳಲ್ಲಿ ಎಷ್ಟೋ ಕಡೆ ಪ್ಯಾನ್ ಇರುತ್ತಿರಲಿಲ್ಲ, ಹೆಸರು, ತಾರೀಖು ಹೊಂದಿಸಿ ಜೋಡಿಸಿದರೆ ಹೀಗೇ ಆಗುವುದು. ಅದರ ಮೇಲೆ ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ. ಯಾವುದು ಯಾರದ್ದು ಅಂತ ಕಂಪ್ಯೂಟರ್‌ಗೆ ಏನು ಗೊತ್ತು.

ನಾನು ಆನ್‌ಲೈನ್‌ನಲ್ಲಿ ಡಿಸ್ಪ್ಯೂಟ್ ಹಾಕಿದೆ. ಸಾಲ ಕೊಟ್ಟ ಕಂಪನಿ ಸುಮ್ಮನೆ "ಮಾಹಿತಿ ಸರಿಯಾಗಿದೆ" ಅಂತ ಉತ್ತರ ಕೊಟ್ಟು ಕೈತೊಳೆದುಕೊಂಡಿತು. ಹೌದು, ಮಾಹಿತಿ ಸರಿಯಾಗಿಯೇ ಇದೆ, ನನ್ನದಲ್ಲ ಅಷ್ಟೇ. ಆಮೇಲೆ ಅವರ ಬ್ರಾಂಚಿಗೇ ಹೋಗಿ, ಆ ಸಾಲದ ಅರ್ಜಿಯಲ್ಲಿರುವ ಫೋಟೋ ಮತ್ತು ಸಹಿ ನನ್ನದಾ ನೋಡಿ ಅಂತ ಲಿಖಿತವಾಗಿ ಕೊಟ್ಟೆ. ಸೀಲ್ ಹಾಕಿದ ಪ್ರತಿ ತಗೊಂಡೆ, ಇದು ಬಹಳ ಮುಖ್ಯ. ಕೌಂಟರಿನಲ್ಲಿದ್ದ ಹುಡುಗಿ ಫೈಲ್ ತೆಗೆದು ಫೋಟೋ ನೋಡಿ, ನನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿ ಒಳಗೆ ಎದ್ದು ಹೋದಳು. ಆದರೂ ತಿದ್ದಲು ಎಳೆದಾಡಿದರು.

ಕೇಳಿ, ನಿಯಮ ನಮ್ಮ ಕಡೆಗೇ ಇದೆ. ದೂರು ಕೊಟ್ಟ 30 ದಿನದೊಳಗೆ ಬಗೆಹರಿಸಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಮಗೆ ಪರಿಹಾರ. ಸಾಲ ಕೊಟ್ಟವರು ಸರಿಯಾದ ಮಾಹಿತಿ ಕಳಿಸಲು 21 ದಿನ. ಆರ್‌ಬಿಐ ಇದನ್ನು 2023ರಲ್ಲಿ ಹೇಳಿ 2024ರ ಏಪ್ರಿಲ್‌ನಿಂದ ಜಾರಿ ಮಾಡಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಕೇಳದೆ ಯಾರೂ ಆ ದುಡ್ಡು ಕೊಡುವುದಿಲ್ಲ. 30 ದಿನ ಆದ ಮೇಲೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಅವರ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಫೀಸು ಇಲ್ಲ, ವಕೀಲರು ಬೇಡ. ಸಿಬಿಲ್‌ನಂಥ ಕಂಪನಿಗಳ ಮೇಲೂ 2022ರ ಸೆಪ್ಟೆಂಬರ್‌ನಿಂದ ಅಲ್ಲಿ ದೂರು ತಗೊಳ್ಳುತ್ತಾರೆ. ನಾನು ಹಾಕಿದ ಮೇಲೆ ಅದೇ ಬ್ರಾಂಚಿನಿಂದ "ಮೇಡಂ, ನೀವು ನೇರವಾಗಿ ನಮಗೇ ಹೇಳಬಹುದಿತ್ತಲ್ಲ" ಅಂತ ಫೋನ್. ನಗು ಬಂತು. ಸಾಲು ಹೋಯಿತು.

ಗಣಿ ಧೂಳು:

ಇಷ್ಟೆಲ್ಲ ಯಾಕೆ, ನಮ್ಮೂರಲ್ಲಿ ಒಬ್ಬ "ಸಿಬಿಲ್ ರಿಪೇರಿ" ಅಂತ ಬೋರ್ಡ್ ಹಾಕಿಕೊಂಡು ಕೂತಿದ್ದಾನೆ, 5,000 ತಗೊಂಡು ಸ್ಕೋರ್ 780 ಮಾಡಿಸಿ ಕೊಡ್ತಾನಂತೆ. ಯಾರಾದರೂ ಮಾಡಿಸಿದ್ದೀರಾ?

ಮಲ್ಲಿಗೆ ಮೊಗ್ಗು:

ಬೇಡ ಅಣ್ಣಾ. ಅವನು ಮಾಡುವುದು ನಿಮ್ಮ ಹೆಸರಲ್ಲಿ ಡಿಸ್ಪ್ಯೂಟ್ ಹಾಕುವುದು, ಅಷ್ಟೇ, ಅದನ್ನು ನೀವೇ ಪುಕ್ಕಟೆ ಹಾಕಬಹುದು. ನಿಜವಾಗಿ ಬಾಕಿ ಇರುವ ಸಾಲವನ್ನು ಯಾರೂ ಅಳಿಸಲಾರರು. ಅಲ್ಲದೆ ನಿಮ್ಮ ಪ್ಯಾನ್, ಆಧಾರ್, ಲಾಗಿನ್ ಎಲ್ಲ ಅವನ ಕೈಯಲ್ಲಿ ಉಳಿಯುತ್ತದೆ. ನಾಳೆ ಯಾವುದೋ ಲೋನ್ ಆ್ಯಪ್‌ನಲ್ಲಿ ನಿಮ್ಮ ಹೆಸರು ಕಂಡರೆ ಯಾರನ್ನು ಕೇಳುತ್ತೀರಿ?

ಹಾಸನದ ಹೈದ:

ಬ್ಯಾಂಕ್ ಸರ್, ನೀವು ಹೇಳಿದ ಹಾಗೇ ಇದೆ. ಬೈಕ್ ಸಾಲಿನಲ್ಲಿ ತಾರೀಖು 2023ರದ್ದೇ. ಇಮೇಲ್, ಡಿಸ್ಪ್ಯೂಟ್ ಎರಡೂ ಹಾಕಿದೆ.

ಟ್ರಾಕ್ಟರ್ ಸಾಲಿನಲ್ಲಿ ಓನರ್‌ಶಿಪ್ ಗ್ಯಾರಂಟರ್ ಅಂತಿದೆ. ತಿಂಗಳುಗಳ ಕೆಳಗೆ ಅಂಕಿ ಇಲ್ಲ, ಎಲ್ಲ ಕಡೆ ಎಸ್‌ಟಿಡಿ ಅಂತ ಇದೆ. ಮಾವ ಶುಂಠಿ ಹಾಕಿದ್ದಾರೆ, ರೇಟು ಬಿದ್ದಿದೆ ಅಂತ ಅಮ್ಮ ಹೇಳುತ್ತಿದ್ದರು. ಅವರನ್ನು ನಾನು ಹೇಗೆ ಕೇಳಲಿ? ಓದುವಾಗ ಫೀಸು ಕಟ್ಟಿದವರು ಅವರು. ಆ ಗ್ಯಾರಂಟಿಯಿಂದ ನನ್ನ ಹೆಸರು ತೆಗೆಸಲು ದಾರಿ ಇದೆಯಾ?

ಬ್ಯಾಂಕ್ ಬಿಟ್ಟವನು:

ಎಸ್‌ಟಿಡಿ ಅಂದರೆ ಸ್ಟ್ಯಾಂಡರ್ಡ್. ಉಸಿರಾಡಿ. ಬ್ಯಾಂಕಿನ ಲೆಕ್ಕದಲ್ಲಿ ಸಾಲ ಇನ್ನೂ ಕೆಟ್ಟಿಲ್ಲ. ಕೆಲವರು ದಿನಗಳ ಅಂಕಿ ಕಳಿಸುತ್ತಾರೆ, ಕೆಲವರು ಹೀಗೆ ದರ್ಜೆ ಕಳಿಸುತ್ತಾರೆ. ಎಸ್‌ಎಂಎ ಅಂತ ಬಂದರೆ ಕೆಡುವ ಹಾದಿಯಲ್ಲಿದೆ, ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಅಂದರೆ ಕೆಟ್ಟಾಯಿತು, ಒಂದಕ್ಕಿಂತ ಒಂದು ಜಾಸ್ತಿ.

ರೈತರ ಟ್ರಾಕ್ಟರ್ ಸಾಲಕ್ಕೆ ಕಾರಿನ ಹಾಗೆ ತಿಂಗಳ ಕಂತು ಇರುವುದು ಕಡಿಮೆ. ಬೆಳೆ ಕೈಗೆ ಬರುವ ಕಾಲ ನೋಡಿ ಆರು ತಿಂಗಳಿಗೋ ವರ್ಷಕ್ಕೋ ಕಂತು ಇಟ್ಟಿರುತ್ತೇವೆ. ಕೆಡುವ ಲೆಕ್ಕವೂ ಬೇರೆ. ಅಲ್ಪಾವಧಿ ಬೆಳೆಯಾದರೆ ಎರಡು ಬೆಳೆ ಹಂಗಾಮು ಬಾಕಿ ಉಳಿದರೆ ಎನ್‌ಪಿಎ, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ಆದ್ದರಿಂದ ಆ 41,500 ಬಹುಶಃ ಒಂದು ಅರ್ಧವಾರ್ಷಿಕ ಕಂತು. ಆದರೆ ನಿಮ್ಮ ಕಾರಿನ ಫೈಲು ನೋಡುವವನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಸ್ಕ್ರೀನ್ ಮುಂದೆ ಕೂತಿರುತ್ತಾನೆ, ಅವನಿಗೆ ಶುಂಠಿ ಗೊತ್ತಿಲ್ಲ. ಓವರ್‌ಡ್ಯೂ ಅನ್ನುವ ಕಾಲಂನಲ್ಲಿ ಅಂಕಿ ಕಂಡರೆ ಸಾಕು ಅವನಿಗೆ. ನಿಮ್ಮ 11 ಪರ್ಸೆಂಟಿನ ಮೂಲ ನನ್ನ ಪ್ರಕಾರ ಇಲ್ಲೇ ಇದೆ, ಮೊಬೈಲಿನ 026ನಲ್ಲಿ ಅಲ್ಲ.

ಹೆಸರು ತೆಗೆಸುವುದು ಕಷ್ಟ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಅಂತ 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ನಿನಲ್ಲೇ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಬ್ಯಾಂಕು ಮಾವನನ್ನು ಬಿಟ್ಟು ನೇರವಾಗಿ ನಿಮ್ಮನ್ನೇ ಕೇಳಬಹುದು. ನಿಮ್ಮ ಬದಲಿಗೆ ಇನ್ನೊಬ್ಬ ಜಾಮೀನುದಾರನನ್ನು ಕೊಟ್ಟು, ಬ್ಯಾಂಕು ಒಪ್ಪಿದರೆ ಮಾತ್ರ ನೀವು ಹೊರಗೆ. ಬಾಕಿ ಇರುವಾಗ ಒಪ್ಪುವ ಮ್ಯಾನೇಜರ್‌ನನ್ನು ನಾನಂತೂ ನೋಡಿಲ್ಲ.

ಅದಕ್ಕಿಂತ ಸುಲಭ ದಾರಿ ಬಾಕಿ ತೀರಿಸುವುದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಂದು ಸಲ ಮಾಹಿತಿ ಕಳಿಸಬೇಕು. ಮೊದಲು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಈಗ ಕಂತು ಕಟ್ಟಿದರೆ ಒಂದು ತಿಂಗಳೊಳಗೆ ರಿಪೋರ್ಟಿನಲ್ಲಿ ಕಾಣುವ ಸಾಧ್ಯತೆ ಜಾಸ್ತಿ. ಮಾವನನ್ನು ಕೇಳುವ ಮುಂಚೆ ಆ ಬ್ರಾಂಚಿಗೆ ಹೋಗಿ, ನಾನು ಗ್ಯಾರಂಟರ್, ಸ್ಟೇಟ್‌ಮೆಂಟ್ ಕೊಡಿ ಅಂತ ಕೇಳಿ.

ಜೋಳದ ರೊಟ್ಟಿ:

ಹುಬ್ಬಳ್ಳಿ ಕಡೆಯವನು ನಾನು. ಬ್ಯಾಂಕಿನ ಮಾತು ಅವರು ಹೇಳಿದರು, ಮನೆ ಮಾತು ನಾನು ಹೇಳುತ್ತೇನೆ. ಫೋನಿನಲ್ಲಿ ಕೇಳಬೇಡ ತಮ್ಮಾ. ಫೀಸು ಕಟ್ಟಿದ ಮಾವನಿಗೆ "ನಿಮ್ಮಿಂದ ನನ್ನ ಸಿಬಿಲ್ ಹಾಳಾಯಿತು" ಅಂತ ಅಳಿಯ ಫೋನ್ ಮಾಡಿದರೆ ಆ ಮಾತು ಮುಂದಿನ ಹತ್ತು ಮದುವೆಗಳಲ್ಲಿ ಓಡಾಡುತ್ತದೆ. ಭಾನುವಾರ ಊರಿಗೆ ಹೋಗು, ಊಟ ಮಾಡು, ಆಮೇಲೆ "ಮಾವ, ಕಾರ್ ತಗೋಬೇಕು ಅಂತ ಇದೀನಿ, ಬ್ಯಾಂಕಿನವರು ಟ್ರಾಕ್ಟರ್ ಕಂತು ಕೇಳಿದರು, ಯಾವಾಗ ಕಟ್ಟೋಣ" ಅಂತ ಕೇಳು. ಕಟ್ಟೋಣ ಅನ್ನು, ಕಟ್ಟುತ್ತೀರಾ ಅನ್ನಬೇಡ. ನಿನ್ನ ಎರಡು ಲಕ್ಷದಲ್ಲಿ ಕೈಸಾಲ ಕೊಡುವ ಮನಸ್ಸಿದ್ದರೆ ಅವರ ಕೈಗೆ ಕೊಡಬೇಡ, ನೇರ ಸಾಲದ ಖಾತೆಗೆ ಕಟ್ಟಿ ರಸೀದಿ ಇಟ್ಟುಕೋ.

ಇನ್ನೊಂದು, ಕೇಳದೆ ಹೇಳುತ್ತಿದ್ದೇನೆ. 42 ಸಾವಿರ ಸಂಬಳಕ್ಕೆ 12 ಸಾವಿರ ಕಂತು, ಅದರ ಮೇಲೆ ಪೆಟ್ರೋಲ್, ಇನ್ಶೂರೆನ್ಸ್, ಸರ್ವಿಸ್. ನಾನಾಗಿದ್ದರೆ ನಾಲ್ಕು ಲಕ್ಷದ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೆ.

ಟೇಬಲ್ ನಂಬರ್ 4:

ರೊಟ್ಟಿ ಅಣ್ಣನ ಮನೆ ಮಾತಿಗೆ ನೂರು ಮಾರ್ಕು, ಸೆಕೆಂಡ್ ಹ್ಯಾಂಡ್ ಮಾತಿಗೆ ಮಾತ್ರ ಅರ್ಧ. ಹಳೇ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೈಯಲ್ಲಿರುವ ಎರಡು ಲಕ್ಷಕ್ಕೆ ಇನ್ನೊಂದಿಷ್ಟು ಸೇರಿಸಿ ಸಾಲವಿಲ್ಲದೆ ತಗೊಂಡರೆ ಅದು ಬೇರೆ ಮಾತು.

ಮೊದಲ ಸಂಬಳ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ರಿಪೋರ್ಟಿನಲ್ಲಿ ಸ್ಕೋರ್ ಜಾಗದಲ್ಲಿ ಮೈನಸ್ 1 ಅಂತ ಇದೆ. ಯಾವತ್ತೂ ಒಂದು ರೂಪಾಯಿ ಸಾಲ ಮಾಡಿಲ್ಲ. ಸಾಲ ಮಾಡದವನಿಗೆ ಮೈನಸ್ ಮಾರ್ಕಾ?!

ಬ್ಯಾಂಕ್ ಬಿಟ್ಟವನು:

ಮಾರ್ಕಲ್ಲ, ಲೆಕ್ಕ ಹಾಕಲು ಏನೂ ಇಲ್ಲ ಅಂತ ಸೂಚನೆ. ಮೊದಲ ಸಲ ಸಾಲ ಕೇಳುವವರನ್ನು ಇತಿಹಾಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸಬೇಡಿ ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಸಂಬಳ ಬರುವ ಬ್ಯಾಂಕಿಗೇ ಮೊದಲು ಹೋಗಿ, ನಿಮ್ಮ ಖಾತೆಯ ಓಡಾಟ ಅವರ ಕಣ್ಣ ಮುಂದೆ ಇರುತ್ತದೆ.

ಹಾಸನದ ಹೈದ:

ಅಪ್‌ಡೇಟ್. ಬೈಕ್ ಲೋನ್ ಈಗ ಕ್ಲೋಸ್ಡ್, ಬ್ಯಾಲೆನ್ಸ್ ಸೊನ್ನೆ. ಫೈನಾನ್ಸ್ ಕಂಪನಿ ಮೊದಲು ಮಾತೇ ಆಡಲಿಲ್ಲ, "30 ದಿನ ಆದ ಮೇಲೆ ದಿನಕ್ಕೆ 100" ಅಂತ ಇಮೇಲ್‌ನಲ್ಲಿ ಬರೆದ ಮೇಲೆ ಬೇಗ ಆಯಿತು. ಮಲ್ಲಿಗೆ ಅಕ್ಕಾ, ಥ್ಯಾಂಕ್ಸ್.

ಟ್ರಾಕ್ಟರ್ ಬ್ಯಾಂಕಿನಲ್ಲಿ ಸ್ಟೇಟ್‌ಮೆಂಟ್ ಕೊಟ್ಟರು, ಬಾಕಿ ಒಂದು ಅರ್ಧವಾರ್ಷಿಕ ಕಂತೇ, ಬ್ಯಾಂಕ್ ಸರ್ ಹೇಳಿದ ಹಾಗೆ. ಊರಿಗೂ ಹೋಗಿ ಬಂದೆ. ಮಾವನಿಗೆ ನನ್ನ ಹೆಸರಲ್ಲಿ ಹೀಗೆ ಬರುತ್ತದೆ ಅನ್ನುವುದೇ ಗೊತ್ತಿರಲಿಲ್ಲ, ಸಹಿ ಅಂದರೆ ಸಾಕ್ಷಿ ಸಹಿ ಅಂದುಕೊಂಡಿದ್ದರಂತೆ. ಅವರು 25 ಸಾವಿರ, ನಾನು ಮಿಕ್ಕಿದ್ದು, ಇಬ್ಬರೂ ಸೇರಿ ಕಟ್ಟಿದೆವು. ಓವರ್‌ಡ್ಯೂ ಕಾಲಂ ಖಾಲಿಯಾಗಿದೆ. ಸ್ಕೋರ್ 741. ಸಂಬಳದ ಬ್ಯಾಂಕಿನಲ್ಲಿ ಕೇಳಿದರೆ 9.25 ಅಂದರು. ಈ ವಿಷಯ ಗೊತ್ತಾಗಿ ಶೋರೂಂನವರು ಮತ್ತೆ ಫೋನ್ ಮಾಡಿ, ನಾವು 9.1 ಕೊಡಿಸುತ್ತೇವೆ ಅನ್ನುತ್ತಿದ್ದಾರೆ. ಯಾವುದಕ್ಕೆ ಹೋಗಲಿ?

ಟೇಬಲ್ ನಂಬರ್ 4:

ಬಡ್ಡಿ ಕೇಳಬೇಡಿ, ಕೆಎಫ್‌ಎಸ್ ಕೇಳಿ. ಸಾಲದ ಮುಖ್ಯ ವಿವರಗಳ ಹಾಳೆ ಅದು, 2024ರ ಅಕ್ಟೋಬರ್‌ನಿಂದ ಕಾರ್ ಲೋನ್‌ಗೂ ಕಡ್ಡಾಯ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ, ಪ್ರೊಸೆಸಿಂಗ್ ಫೀಸು ಅದು ಇದು ಎಲ್ಲ ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ. ಶೋರೂಂ 9.1 ಅಂದು ಸಾಲದೊಳಗೇ ಲೋನ್ ಇನ್ಶೂರೆನ್ಸ್ ಅಂತ 18 ಸಾವಿರ ಸೇರಿಸಿದ್ದರೆ ಅದರ ಮೇಲೂ ಬಡ್ಡಿ ಕಟ್ಟುತ್ತೀರಿ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಬಡ್ಡಿ ಫ್ಲೋಟಿಂಗಾ (ಬದಲಾಗುತ್ತದಾ), ಫಿಕ್ಸೆಡ್ಡಾ (ಒಂದೇ ಇರುತ್ತದಾ) ಅದನ್ನೂ ಕೇಳಿ, ಮಧ್ಯದಲ್ಲಿ ಸಾಲ ತೀರಿಸುವ ಯೋಚನೆ ಇದ್ದರೆ ಫಿಕ್ಸೆಡ್‌ನಲ್ಲಿ ಚಾರ್ಜ್ ಹಾಕಬಹುದು. ಹಾಳೆ ಕೊಡುವ ಮುಂಚೆ ಮತ್ತೆ ಒಟಿಪಿ ಕೇಳಿದರೆ ಎದ್ದು ಬನ್ನಿ.

ಮಲ್ಲಿಗೆ ಮೊಗ್ಗು:

ಬೈಕಿನ ಎನ್‌ಒಸಿ ಬೀರುವಿನಲ್ಲಿದೆ ಅಂದೆಯಲ್ಲ, ಆರ್‌ಟಿಓದಲ್ಲಿ ಫಾರಂ 35 ಕೊಟ್ಟು ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಿದೆಯಾ?

ಹಾಸನದ ಹೈದ:

ಇಲ್ಲ ಅಕ್ಕಾ. ಪರಿವಾಹನ್ ಸೈಟಿನಲ್ಲಿ ಈಗ ನೋಡಿದೆ, ಅವರ ಹೆಸರು ಹಾಗೇ ಇದೆ. ಎನ್‌ಒಸಿ ಹಳೆಯದಾಯಿತು ಅಂದರೆ ಹೊಸದು ಕೇಳಬೇಕಾ?

ಮಲ್ಲಿಗೆ ಮೊಗ್ಗು:

ಕೇಳು. ಆ ಇಮೇಲ್‌ಗೇ ರಿಪ್ಲೈ ಮಾಡಿ ಕೇಳು, ಈಗ ನಿನ್ನ ಹೆಸರು ಅವರಿಗೆ ಚೆನ್ನಾಗಿ ನೆನಪಿರುತ್ತದೆ.